ಭಕ್ಷೀಸು ಮತ್ತು ಸಂಬಳ

ರೈಲಿನಿಂದಿಳಿದು ಹಮಾಲನ ಕೈಗೆ ನಾಲ್ಕು ಕಾಸು ಹೆಚ್ಚಾಗಿ ಇಟ್ಟಾಗ ನಮಗೆ ಒಂದು ಬಗೆಯ ಸಂತೋಷವಾಗುತ್ತದೆ. ನಾವೂ ಕರ್ಣನ ವಂಶದವರೇ ಎಂದು ಕ್ಷಣಕಾಲ ಅನ್ನಿಸುವುದೂ ಉಂಟು. ಆ ಕಾಸಿನ ಇನ್ನೊಂದು ಮುಖವನ್ನು ನೋಡಬೇಕಾದರೆ, ವಾಚಕ ಮಹಾಶಯರೇ, ಅಮೆರಿಕದ ಪುಲ್‌ಮನ್ ಗಾಡಿಗಳ ಕಥೆಯನ್ನು ಕೇಳಬೇಕು.

ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ 1867ರಲ್ಲಿ ಶಯನಗಾಡಿಗಳ ಕಂಪೆನಿಯನ್ನು ಸ್ಥಾಪಿಸಿದನು. ಹಾಸಿಗೆ ಹಾಸಲು, ಬೂಟಿಗೆ ಪಾಲಿಷ್ ಹಚ್ಚಲು, ನಡುರಾತ್ರಿಯ ಕರೆಗಂಟೆಗೆ ಓಗೊಡಲು ಅವನು ಪೋರ್ಟರುಗಳನ್ನಾಗಿ ಆರಿಸಿಕೊಂಡದ್ದು ಆಗತಾನೆ ದಾಸ್ಯದಿಂದ ಬಿಡುಗಡೆ ಹೊಂದಿದ್ದ ಕಪ್ಪು ಜನರನ್ನು. ಪ್ರಯಾಣಿಕರು ಅವರನ್ನೆಲ್ಲ ‘ಜಾರ್ಜ್’ ಎಂದೇ ಕೂಗುತ್ತಿದ್ದರು. ಯಜಮಾನನ ಹೆಸರೇ ಆಳಿನ ಹೆಸರು! ತಾಯಿತಂದೆ ಇಟ್ಟ ಹೆಸರು ಮನೆಯಲ್ಲೇ ಉಳಿಯುತ್ತಿತ್ತು.

ಕೆಲಸವಾದರೋ ತಿಂಗಳಿಗೆ ಸುಮಾರು 400 ಗಂಟೆ. 1926ರ ಸುಮಾರಿಗೆ ಸಂಬಳ 67 ಡಾಲರು ಚಿಲ್ಲರೆ. ಊಟ, ಪಾಲಿಷ್ ಡಬ್ಬಿ ಎಲ್ಲವೂ ಅದರಲ್ಲೇ. ಹೊರಡುವ ಮುನ್ನ ಗಾಡಿಯನ್ನು ಅಣಿಗೊಳಿಸಿದ ಗಂಟೆಗಳು ಲೆಕ್ಕಕ್ಕೇ ಇಲ್ಲ. ಕಂಡಕ್ಟರ್ ಹುದ್ದೆ ಬಿಳಿಯರದು; ಆ ಕೆಲಸವನ್ನು ಪೋರ್ಟರನು ನಿರ್ವಹಿಸಿದಾಗಲೂ ಆ ಸಂಬಳ ಮಾತ್ರ ಅವನಿಗಿಲ್ಲ. ಸಂಸಾರ ಸಾಗಲು ಭಕ್ಷೀಸೇ ಗತಿ. ತಾನು ತೆರಬೇಕಾದ ಕೂಲಿಯನ್ನು ಕಂಪೆನಿ ಹೀಗೆ ಜಾಣತನದಿಂದ ಪ್ರಯಾಣಿಕರ ಜೇಬಿಗೆ ವರ್ಗಾಯಿಸಿತ್ತು. ದುಡಿದ ಹಣಕ್ಕೂ ಹಲ್ಲುಕಿರಿಯಬೇಕು!

1925ರ ಆಗಸ್ಟ್ 25ರಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಪೋರ್ಟರುಗಳು ಸಂಘ ಕಟ್ಟಿದರು. ಮುಂದಾಳು ಎ. ಫಿಲಿಪ್ ರಾಂಡಾಲ್ಫ್, ಪೋರ್ಟರ್ ಅಲ್ಲ, ಪತ್ರಿಕಾ ಸಂಪಾದಕರು. ತನ್ನ ಉಪ್ಪುಣ್ಣದವರನ್ನು ಕಂಪೆನಿ ವಜಾ ಮಾಡುವುದೆಂತು? ಆದರೆ ಸದಸ್ಯರನ್ನು ಮಾಡಬಹುದಾಗಿತ್ತು, ಮಾಡಿತು. ಗೂಢಚಾರರನ್ನೂ ಬಿಟ್ಟಿತು. 1928ರಲ್ಲಿ ಸಾರಿದ್ದ ಮುಷ್ಕರವನ್ನು ಕೊನೆಯ ಗಳಿಗೆಯಲ್ಲಿ ಕೈಬಿಡಬೇಕಾಯಿತು. ಎಷ್ಟೋ ಮಂದಿ ಸದಸ್ಯರು ಚೆದುರಿಹೋದರು. ಆ ವರ್ಷಗಳಲ್ಲಿ ಸಂಘದ ದೀಪ ಆರದಂತೆ ನೋಡಿಕೊಂಡವರಲ್ಲಿ ಪೋರ್ಟರುಗಳ ಮಡದಿಯರೂ ಇದ್ದರು. ತಮ್ಮದೇ ಮಂಡಲಿಗಳನ್ನು ಮಾಡಿಕೊಂಡು ಹಣ ಕೂಡಿಸಿದರು. ಇತಿಹಾಸದ ಪುಸ್ತಕಗಳಲ್ಲಿ ಇವರಿಗೆ ಒಂದೆರಡು ಸಾಲು ಸಿಕ್ಕಿದರೆ ಹೆಚ್ಚು.

1934ರಲ್ಲಿ ರೈಲ್ವೆ ಕಾರ್ಮಿಕ ಕಾನೂನಿಗೆ ತಿದ್ದುಪಡಿಯಾಗಿ, ಮರುವರ್ಷದ ಮತದಾನದಲ್ಲಿ ಸಂಘ ಗೆದ್ದಿತು. 1937ರ ಆಗಸ್ಟ್ 25ರಂದು, ಸಂಘ ಹುಟ್ಟಿ ಸರಿಯಾಗಿ ಹನ್ನೆರಡು ವರ್ಷ ತುಂಬಿದ ದಿನ, ಕಂಪೆನಿ ಒಪ್ಪಂದಕ್ಕೆ ಸಹಿ ಹಾಕಿತು. ತಿಂಗಳ ದುಡಿಮೆ 240 ಗಂಟೆಗೆ ಇಳಿಯಿತು, ಸಂಬಳ ಏರಿತು.

ಭಕ್ಷೀಸು ಆಮೇಲೂ ನಿಲ್ಲಲಿಲ್ಲ. ಆದರೆ ಮನೆಯ ಲೆಕ್ಕ ಬರೆಯುವ ಗೃಹಿಣಿಯ ಪುಸ್ತಕದಲ್ಲಿ, ಪ್ರಯಾಣಿಕರ ಮನಸ್ಸು ಹೇಗೇ ಇರಲಿ, ಮೊದಲ ಸಾಲಿನ ಅಂಕಿ ಈಗ ಹಿಂದಿಗಿಂತ ದೊಡ್ಡದಾಗಿತ್ತು.