ಬಾನುಲಿಯ ಪಟ್ಟಾಂಗ, ಬಾಜಿಯ ಅಂಗಡಿ

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮರುದಿನದಿಂದಲೇ ನಮ್ಮೂರ ಕಟ್ಟೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಮುಂದಿನ ತಿರುಗಾಟಕ್ಕೆ ಯಾವ ಭಾಗವತರು ಯಾವ ಮೇಳಕ್ಕೆ, ಯಾವ ವೇಷಧಾರಿ ಎಲ್ಲಿಂದ ಎಲ್ಲಿಗೆ, ಈ ಬಾರಿ ಯಾವ ಮೇಳ ಜೋರು ಎಂಬ ಮಾತು ಮಳೆಗಾಲ ಮುಗಿಯುವ ತನಕವೂ ನಡೆದೀತು. ಚೆಂಡೆಗೆ ಪೆಟ್ಟು ಬೀಳುವ ಮೊದಲೇ ಅರ್ಧ ಸಂತೋಷ ಕೈಸೇರಿರುತ್ತದೆ. ಖರ್ಚೆಂದರೆ ಒಂದು ಚಾ ಮಾತ್ರ.

ಇದೇ ಜಾತಿಯ ಪಟ್ಟಾಂಗವನ್ನು ಅಮೆರಿಕದವರು ಉದ್ದಿಮೆಯನ್ನಾಗಿ ಮಾಡಿ ಬಹುಕಾಲವಾಯಿತು. ಅಲ್ಲಿ ಈಗ ಅದಕ್ಕೆ ತಗಲುವ ಖರ್ಚು ಒಂದು ಚಾದ ಲೆಕ್ಕದಲ್ಲಿಲ್ಲ. ಈ ಬದಲಾವಣೆ ನಮ್ಮ ಮನೆಗಳಿಗೂ ಸಂಬಂಧಿಸಿದ್ದೆಂದು ತೋರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿ ವಾಚಕರ ಮುಂದಿಡುತ್ತಿದ್ದೇವೆ.

1987ರ ಜುಲೈ 1ರಂದು ನ್ಯೂಯಾರ್ಕಿನಲ್ಲಿ ಡಬ್ಲ್ಯು.ಎಫ್.ಎ.ಎನ್. ಎಂಬ ಬಾನುಲಿ ನಿಲಯ ಆರಂಭವಾಯಿತು. ದಿನದ 24 ಗಂಟೆಯೂ ಕ್ರೀಡೆಗೇ ಮೀಸಲಾದ ಮೊದಲ ನಿಲಯವಿದು. ಇಡೀ ದಿನ ಆಟದ ಮಾತನ್ನು ಯಾರು ಕೇಳುತ್ತಾರೆ ಎಂದು ನಕ್ಕವರಿದ್ದರು. ಆದರೆ ನಿಲಯ ಗೆದ್ದಿತು. ದೇಶದ ದೊಡ್ಡ ದೊಡ್ಡ ನಗರಗಳಲ್ಲೆಲ್ಲ ಅದರ ತಮ್ಮಂದಿರು ಹುಟ್ಟಿಕೊಂಡರು. 1989ರಿಂದ 2008ರ ತನಕ ಅಲ್ಲಿ ಮೈಕ್ ಫ್ರಾನ್ಸೆಸಾ ಮತ್ತು ಕ್ರಿಸ್ ರೂಸೊ ಎಂಬ ಇಬ್ಬರ ಜೋಡಿ ಮಧ್ಯಾಹ್ನದ ಕಾರ್ಯಕ್ರಮ ನಡೆಸಿತು. ಒಬ್ಬರದು ಎಲ್ಲ ಬಲ್ಲವರ ಗಾಂಭೀರ್ಯ, ಇನ್ನೊಬ್ಬರದು ಕಿರುಚುವ ಉದ್ವೇಗ. ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ಎದುರಾದಾಗ ಪ್ರಸಂಗಕ್ಕಿಂತ ಅವರ ತರ್ಕಕ್ಕೇ ಜನ ಕಿವಿಗೊಡುವಂತೆ ನ್ಯೂಯಾರ್ಕಿನವರು ಈ ಜಗಳಕ್ಕೆ ಕಿವಿಗೊಟ್ಟರು.

ಇದರ ನಿಜವಾದ ಜೀವಾಳ ದೂರವಾಣಿ ಕರೆ. ಕರೆ ಮಾಡುವವನು ತನ್ನ ಹೆಸರು, ತನ್ನ ಬಡಾವಣೆಯ ಹೆಸರು ಹೇಳಿಕೊಂಡು, ತಾನು ಬಹುಕಾಲದ ಕೇಳುಗನೆಂದೂ ಕರೆ ಮಾಡುವುದು ಇದೇ ಮೊದಲೆಂದೂ ತಿಳಿಸಿ, ಬಳಿಕ ತಂಡದ ತರಬೇತುದಾರನಿಗೆ ಬುದ್ಧಿ ಹೇಳತೊಡಗುತ್ತಾನೆ. ಮಂಗಳೂರು ಆಕಾಶವಾಣಿಯ ಕೋರಿಕೆಯ ಚಿತ್ರಗೀತೆಗಳ ನಡುವೆ ತಮ್ಮ ಹೆಸರನ್ನೂ ಊರನ್ನೂ ಕೇಳಿ ಹಿಗ್ಗಿದವರಿಗೆ ಈ ಸುಖ ಅರ್ಥವಾದೀತು.

ಮಾತಿನ ಮುಖ್ಯ ಬೆಳೆ ಬರುವುದು ಆಗಸ್ಟ್ ತಿಂಗಳಲ್ಲಿ. ಅವರ ಫುಟ್‌ಬಾಲ್ ಲೀಗ್ ಆರಂಭವಾಗುವುದು ಸೆಪ್ಟೆಂಬರಿನಲ್ಲಿ. (ಹೆಸರು ಫುಟ್‌ಬಾಲ್ ಆದರೂ ಇದು ಮಲಬಾರಿನ ಸೆವೆನ್ಸ್ ಮೈದಾನದ ಆಟವಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ, ತಲೆಗೆ ಹೆಲ್ಮೆಟ್ ತೊಟ್ಟು ಢಿಕ್ಕಿ ಹೊಡೆಯುವ ಆಟ.) ಪ್ರತಿ ತಂಡಕ್ಕೆ ಲೀಗಿನಲ್ಲಿ 17 ಪಂದ್ಯ. ಅದಕ್ಕೆ ಮುಂಚೆ ಆಗಸ್ಟಿನಲ್ಲಿ ಮೂರು ಅಭ್ಯಾಸ ಪಂದ್ಯಗಳಾಗುತ್ತವೆ. 90 ಆಟಗಾರರಲ್ಲಿ 53 ಮಂದಿಯನ್ನು ಉಳಿಸಿಕೊಳ್ಳುವುದು ಅವುಗಳ ಉದ್ದೇಶ. ಮುಖ್ಯ ಆಟಗಾರರು ಆಗ ಕಣಕ್ಕಿಳಿಯುವುದೇ ಅಪರೂಪ. ಈ ಫಲಿತಾಂಶಗಳಿಗೆ ಎಷ್ಟು ಬೆಲೆ ಎಂಬುದಕ್ಕೆ ಡೆಟ್ರಾಯಿಟ್ ತಂಡವೇ ಸಾಕ್ಷಿ. 2008ರಲ್ಲಿ ಅದು ನಾಲ್ಕು ಅಭ್ಯಾಸ ಪಂದ್ಯಗಳನ್ನೂ ಗೆದ್ದು, ಆಗ 16ರಷ್ಟಿದ್ದ ಲೀಗ್ ಪಂದ್ಯಗಳಲ್ಲಿ ಹದಿನಾರನ್ನೂ ಸೋತಿತು. ಒಮ್ಮೆ ಆದದ್ದು ಆಕಸ್ಮಿಕವೆನ್ನೋಣ. 2017ರಲ್ಲಿ ಕ್ಲೀವ್‌ಲೆಂಡ್ ತಂಡವೂ ಹೀಗೆಯೇ ನಾಲ್ಕು ಗೆದ್ದು ಹದಿನಾರು ಸೋತಿತು! ಆದರೂ ಆಗಸ್ಟ್ ಬಂತೆಂದರೆ ‘ಈ ವರ್ಷ ನಮ್ಮದೇ’ ಎಂಬ ಕರೆಗಳಿಗೆ ಬರವಿಲ್ಲ.

ಹೀಗೆ ಕರೆ ಮಾಡುವವರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಭಕ್ತರಿಗೆ ಪ್ರತ್ಯೇಕ ಸ್ಥಾನ ಸಲ್ಲಬೇಕು. ಈ ತಂಡ ರಾಷ್ಟ್ರೀಯ ಪ್ರಶಸ್ತಿಯಾದ ಸೂಪರ್ ಬೌಲ್ ಗೆದ್ದದ್ದು ಒಂದೇ ಸಲ, 1969ರ ಜನವರಿಯಲ್ಲಿ. ಆಗ ಜೋ ನೇಮತ್ ಎಂಬ ಯುವ ನಾಯಕ, ಎದುರಾಳಿ ಬಲಿಷ್ಠವೆಂದು ಲೋಕವೆಲ್ಲ ಹೇಳುತ್ತಿದ್ದಾಗ, ‘ಗೆಲುವು ನಮ್ಮದೇ, ಇದು ಖಾತ್ರಿ’ ಎಂದು ಪಂದ್ಯಕ್ಕೆ ಮೂರು ದಿನ ಮುಂಚೆ ಬಹಿರಂಗವಾಗಿ ಸಾರಿ, ಬಾಲ್ಟಿಮೋರನ್ನು 16-7ರಿಂದ ಸೋಲಿಸಿದರು. ಬಾಯಿಮಾತು ನಿಜವಾದ ಆ ಒಂದು ದಿನ ಆಮೇಲಿನ ಐವತ್ತು ವರ್ಷಗಳ ಬಾಯಿಮಾತಿಗೆಲ್ಲ ಜಾಮೀನು ನಿಂತಿತೆನ್ನಬೇಕು.

2023ರಲ್ಲಿ ಈ ನಿರೀಕ್ಷೆ ಮುಗಿಲು ಮುಟ್ಟಿತು. ನಾಲ್ಕು ಬಾರಿ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದಿದ್ದ, 39 ವಯಸ್ಸಿನ ಏರನ್ ರಾಜರ್ಸ್ ಅವರನ್ನು ಜೆಟ್ಸ್ ತನ್ನದಾಗಿಸಿಕೊಂಡಿತು. ಅಭ್ಯಾಸ ಶಿಬಿರವೇ ಟೆಲಿವಿಷನ್ ಧಾರಾವಾಹಿಯಾಯಿತು. ಬಾನುಲಿಯಲ್ಲಿ ಹೇಳಿಸಿಕೊಳ್ಳಬೇಕೆ? ಸೆಪ್ಟೆಂಬರ್ 11ರ ರಾತ್ರಿ ರಾಜರ್ಸ್ ಕೈಯಲ್ಲಿ ರಾಷ್ಟ್ರಧ್ವಜ ಹಿಡಿದು ಮೈದಾನಕ್ಕೆ ಓಡಿಬಂದರು. ನಾಲ್ಕನೆಯ ಬಾರಿ ಚೆಂಡು ಕೈಗೆ ಬಂದಾಗ ಎದುರಾಳಿಯ ಹಿಡಿತಕ್ಕೆ ಸಿಕ್ಕು ಕೆಳಗೆ ಬಿದ್ದರು. ಎಡ ಹಿಮ್ಮಡಿಯ ಸ್ನಾಯುರಜ್ಜು ತುಂಡಾಗಿತ್ತು. ತಂಡದ ಪರವಾಗಿ ಅವರ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. ಜೆಟ್ಸ್ ಆ ಪಂದ್ಯವನ್ನು ಹೇಗೋ 22-16ರಿಂದ ಗೆದ್ದಿತಾದರೂ ವರ್ಷದ ಲೆಕ್ಕ 7 ಗೆಲುವು, 10 ಸೋಲು. ಮರುವರ್ಷ ರಾಜರ್ಸ್ ಪೂರ್ತಿ ಆಡಿದರು. ಗೆಲುವು ಐದಕ್ಕಿಳಿಯಿತು, ಐದು ಪಂದ್ಯಗಳಾಗುವಷ್ಟರಲ್ಲಿ ತರಬೇತುದಾರನ ಕೆಲಸವೂ ಹೋಯಿತು. 2025ರಲ್ಲಿ ಹೊಸ ತರಬೇತುದಾರ, ಹೊಸ ನಾಯಕ, ಹೊಸ ನಿರೀಕ್ಷೆ. ಮೊದಲ ಏಳು ಪಂದ್ಯಗಳೂ ಸೋಲು.

ಇಲ್ಲಿಯ ತನಕ ಎಲ್ಲವೂ ವಿನೋದವೇ. ಸೋಲುವ ತಂಡದಿಂದ ಬಾನುಲಿಗೆ ನಷ್ಟವೂ ಇಲ್ಲ. ಸಂತೃಪ್ತನಾದ ಅಭಿಮಾನಿ ಕರೆ ಮಾಡುವುದು ಕಡಿಮೆ, ಸಿಟ್ಟಿಗೆದ್ದವನು ಸಾಲಿನಲ್ಲಿ ಅರ್ಧ ಗಂಟೆ ಬೇಕಾದರೂ ಕಾಯುತ್ತಾನೆ. ನಮ್ಮ ಆಕ್ಷೇಪವಿರುವುದು ಬೇರೆ ಕಡೆ.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಪಂದ್ಯಗಳ ಮೇಲೆ ಬಾಜಿ ಕಟ್ಟುವುದಕ್ಕೆ 1992ರ ಒಂದು ಕಾನೂನು ತಡೆಯಾಗಿತ್ತು. ನ್ಯೂಜೆರ್ಸಿ ರಾಜ್ಯ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿತು. (ಹೆಸರು ನ್ಯೂಯಾರ್ಕ್ ಆದರೂ ಜೆಟ್ಸ್ ಆಡುವ ಮೈದಾನ ಇರುವುದು ಇದೇ ನ್ಯೂಜೆರ್ಸಿಯಲ್ಲಿ.) 2018ರ ಮೇ 14ರಂದು ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನನ್ನು ರದ್ದುಮಾಡಿತು. ಅನಂತರ ಮೂವತ್ತಕ್ಕೂ ಹೆಚ್ಚು ರಾಜ್ಯಗಳು ಬಾಗಿಲು ತೆರೆದವು. 2022ರ ಜನವರಿಯಿಂದ ನ್ಯೂಯಾರ್ಕಿನವರು ಕೈಯಲ್ಲಿರುವ ಫೋನಿನಲ್ಲೇ ಬಾಜಿ ಕಟ್ಟಬಹುದಾಯಿತು; ಬಾಜಿ ಕಂಪೆನಿಗಳ ಆದಾಯದಲ್ಲಿ ಶೇಕಡಾ 51 ಸರಕಾರದ ಬೊಕ್ಕಸಕ್ಕೆ. ನ್ಯಾಯಾಲಯದಲ್ಲಿ ಬಾಜಿಯನ್ನು ವಿರೋಧಿಸಿ ನಿಂತಿದ್ದ ಫುಟ್‌ಬಾಲ್ ಲೀಗ್ 2021ರಲ್ಲಿ ಮೂರು ಬಾಜಿ ಕಂಪೆನಿಗಳನ್ನು ತನ್ನ ಅಧಿಕೃತ ಪಾಲುದಾರರನ್ನಾಗಿ ಮಾಡಿಕೊಂಡಿತು. ಮರುವರ್ಷ ಅದೇ ಲೀಗ್, ಪಂದ್ಯಗಳ ಮೇಲೆ ಬಾಜಿ ಕಟ್ಟಿದ ತಪ್ಪಿಗೆ ಕ್ಯಾಲ್ವಿನ್ ರಿಡ್ಲಿ ಎಂಬ ಆಟಗಾರನನ್ನು ಇಡೀ ವರ್ಷ ಹೊರಗಿಟ್ಟಿತು. ತಾನು ಕಟ್ಟಿದ್ದು 1,500 ಡಾಲರ್ ಎಂದು ಆತ ಹೇಳಿಕೊಂಡಿದ್ದರು. ಶಿಕ್ಷೆ ನ್ಯಾಯವಾದದ್ದೇ ಇರಬಹುದು, ಆದರೆ ಶಿಕ್ಷಿಸಿದವರ ಅಂಗಿಯ ಮೇಲೂ ಬಾಜಿಯ ಮುದ್ರೆಯಿತ್ತು.

ಆಗಸ್ಟಿನ ಪಟ್ಟಾಂಗ ಬದಲಾದದ್ದು ಇಲ್ಲಿ. ‘ಜೆಟ್ಸ್ ಈ ಸಲ ಎಷ್ಟು ಗೆದ್ದಾರು?’ ಎಂಬುದು ಹಿಂದೆ ಬರಿಯ ಕುತೂಹಲದ ಪ್ರಶ್ನೆ. ಈಗ ಪ್ರತಿ ತಂಡ ಎಷ್ಟು ಪಂದ್ಯ ಗೆದ್ದೀತೆಂದು ಬಾಜಿ ಕಂಪೆನಿ ಒಂದು ಅಂಕಿ ಹೊರಡಿಸುತ್ತದೆ. ಅದಕ್ಕಿಂತ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಹಣ. ಬಾನುಲಿಯ ಮಾತುಗಾರ ಆ ಅಂಕಿಯನ್ನೇ ಹಿಡಿದು ಚರ್ಚೆ ಆರಂಭಿಸುತ್ತಾನೆ. ತಂಡವನ್ನು ಬೈದ ಅದೇ ಸ್ವರದಲ್ಲಿ ಜಾಹೀರಾತನ್ನೂ ಓದುತ್ತಾನೆ. ವರ್ಷಗಟ್ಟಲೆ ಕೇಳಿ ಆಪ್ತವಾದ ಸ್ವರ, ಮನೆಯ ಅಣ್ಣನೇ ಹೇಳಿದಂತೆ. ಕೊನೆಗೆ ಜೂಜಿನ ಚಟದವರು ಸಹಾಯಕ್ಕೆ ಕರೆಮಾಡಬೇಕಾದ ಸಂಖ್ಯೆಯನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ.

ಡಬ್ಲ್ಯು.ಎಫ್.ಎ.ಎನ್. ನಿಲಯದ ಒಳಗೇ ಇದಕ್ಕೊಂದು ಉದಾಹರಣೆ ಇದೆ. ಅಲ್ಲಿನ ಜನಪ್ರಿಯ ಮಾತುಗಾರ ಕ್ರೇಗ್ ಕಾರ್ಟನ್ ಜೂಜಿನ ಸಾಲದಲ್ಲಿ ಮುಳುಗಿ, ಟಿಕೆಟ್ ವ್ಯಾಪಾರದ ಹೆಸರಿನಲ್ಲಿ ಹಣ ಹೂಡಿದವರಿಗೆ ವಂಚಿಸಿದ ಪ್ರಕರಣದಲ್ಲಿ 2018ರಲ್ಲಿ ಅಪರಾಧಿಯೆಂದು ಸಾಬೀತಾಗಿ, ಮರುವರ್ಷ ಮೂರೂವರೆ ವರ್ಷದ ಸಜೆಗೆ ಗುರಿಯಾದರು. 2020ರಲ್ಲಿ ಹೊರಬಂದು ಅದೇ ನಿಲಯಕ್ಕೆ ಮರಳಿದರು. ಮೆಚ್ಚಬೇಕಾದ ವಿಷಯವೆಂದರೆ ಜೂಜಿನ ಚಟದ ಬಗ್ಗೆಯೇ ಪ್ರತ್ಯೇಕ ಕಾರ್ಯಕ್ರಮ ನಡೆಸಿ ತಮ್ಮ ಪತನವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಆದರೆ ಒಂದು ನಿಲಯ ಬಾಜಿಯ ಜಾಹೀರಾತನ್ನೂ ಬಾಜಿಯ ಪಶ್ಚಾತ್ತಾಪವನ್ನೂ ಏಕಕಾಲದಲ್ಲಿ ಬಿತ್ತರಿಸುವ ಸ್ಥಿತಿಯನ್ನು ಏನೆಂದು ಕರೆಯೋಣ?

ಇನ್ನು ನಮ್ಮ ಕಡೆ. ಕೇರಳ ಸರಕಾರ 2021ರ ಫೆಬ್ರವರಿಯಲ್ಲಿ ಹಣವಿಟ್ಟಾಡುವ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು ಅದನ್ನು ರದ್ದುಮಾಡಿತು. ಅದೇ ವರ್ಷ ಕರ್ನಾಟಕ ತಂದ ಕಾನೂನಿನ ಮುಖ್ಯಾಂಶಗಳು 2022ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟಿನಲ್ಲಿ ಬಿದ್ದವು. ತಲಪಾಡಿಯ ಆಚೆಗೂ ಈಚೆಗೂ ಒಂದೇ ಕಥೆ. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾನೂನು ಮಾಡಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಕೂಡಲೇ ಕಾಣೆಯಾಯಿತು. ಕಾನೂನನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮೆಟ್ಟಲೇರಿದವು. 1967ರಿಂದ ತಾನೇ ಲಾಟರಿ ಮಾರುತ್ತಿರುವ ರಾಜ್ಯದಲ್ಲಿ ಕುಳಿತು ಇದನ್ನೆಲ್ಲ ಬರೆಯುವಾಗ ನಮಗೂ ಸ್ವಲ್ಪ ಮುಜುಗರವೆನಿಸದಿರದು. ಆದರೆ ಲಾಟರಿ ಟಿಕೆಟಿಗೆ ಒಂದು ಬೆಲೆ, ಒಂದು ಡ್ರಾ ಎಂಬ ಮಿತಿಯಾದರೂ ಇದೆ. ಕೋಳಿಅಂಕದ ಗದ್ದೆಗೆ ಪೊಲೀಸರು ನುಗ್ಗಬಹುದು. ಹುಡುಗನೊಬ್ಬ ಹೊದಿಕೆಯೊಳಗೆ ಫೋನು ಹಿಡಿದು ಕಳೆದುಕೊಳ್ಳುವ ಹಣಕ್ಕೆ ಗದ್ದೆಯೂ ಇಲ್ಲ, ಗುಂಪೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಅಂಗಡಿ ಮುಚ್ಚಿಸಿದರೆ ಸಾಲದು, ಅದರ ಡಂಗುರವನ್ನೂ ಗುರುತಿಸಬೇಕು. ವಿದೇಶೀ ಬಾಜಿ ಕಂಪೆನಿಗಳು ಕ್ರೀಡಾಸುದ್ದಿಯ ತಾಣಗಳ ವೇಷ ಹಾಕಿ ಜಾಹೀರಾತು ಕೊಡುತ್ತಿವೆಯೆಂದು ಕೇಂದ್ರ ವಾರ್ತಾ ಇಲಾಖೆ 2022ರಲ್ಲೇ ಎಚ್ಚರಿಸಿತ್ತು. ಆ ಎಚ್ಚರಿಕೆ ಬಹುಮಟ್ಟಿಗೆ ಪತ್ರಿಕೆ, ಟೆಲಿವಿಷನ್ ಸಂಸ್ಥೆಗಳಿಗೆ ಹೋದದ್ದು, ಮನೆಗಳಿಗಲ್ಲ. ಶಾಲೆಗಳ ರಕ್ಷಕ-ಶಿಕ್ಷಕ ಸಭೆಗಳಲ್ಲಿ ಮಾದಕ ವಸ್ತುಗಳ ಬಗ್ಗೆ ಹೇಳುವಾಗ ಇದನ್ನೂ ಸೇರಿಸಿ ಹೇಳಬೇಕು, ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಕನ್ನಡದಲ್ಲೇ ಹೇಳಬೇಕು ಎಂದು ಜಿಲ್ಲೆಯ ಶಿಕ್ಷಣ ಅಧಿಕಾರಿಗಳನ್ನು ನಾವು ಕೇಳಿಕೊಳ್ಳುತ್ತೇವೆ.