ಹೊಲಿಗೆ ಪೆಟ್ಟಿಗೆ: ಸಿಪಾಯಿ ಕೋಟಿನ ಕಾಜ

ಹಳೆಯ ಯುದ್ಧಗಳನ್ನು ವೇಷ ಕಟ್ಟಿ ಮತ್ತೆ ಆಡಿ ತೋರಿಸುವ ಹವ್ಯಾಸವೊಂದಿದೆ, ಕೇಳಿದ್ದೀರಾ? ಅಮೆರಿಕದಲ್ಲಿ ಇದರ ಹುಚ್ಚಿನವರು ಬಹಳ. 1861ರಿಂದ 1865ರವರೆಗೆ ಅಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ನಡೆದ ಅಂತರ್ಯುದ್ಧವನ್ನು ರಜೆಯ ದಿನಗಳಲ್ಲಿ ಬಯಲಲ್ಲಿ ಡೇರೆ ಹಾಕಿಕೊಂಡು ಆಡುತ್ತಾರೆ. ಬಂದೂಕಿನಲ್ಲಿ ಮದ್ದು ಉಂಟು, ಗುಂಡು ಇಲ್ಲ. 'ಗಂಡಸರ ಆಟ, ನಮಗೇನು' ಅಂತ ಪುಟ ತಿರುಗಿಸಬೇಡಿ ಸೋದರಿಯರೇ. ಅಲ್ಲಿ ಅರ್ಧ ಮಾತು ಬಟ್ಟೆಯದ್ದು, ಹೊಲಿಗೆಯದ್ದು.

ಉತ್ತರದ ಸಿಪಾಯಿಗೆ ಕಡುನೀಲಿ ಉಣ್ಣೆಯ, ನಾಲ್ಕು ಗುಂಡಿಯ ಸಡಿಲ ಕೋಟು, ತಿಳಿನೀಲಿ ಷರಾಯಿ. ದಕ್ಷಿಣದವರದು ಹೆಚ್ಚಾಗಿ ಹತ್ತಿಯ ಹಾಸಿಗೆ ಉಣ್ಣೆಯ ಹೊಕ್ಕು ಹಾಕಿ ನೇಯ್ದ ಬಟ್ಟೆ, ಬೂದು ಇಲ್ಲವೇ ಮಣ್ಣುಕಂದು ಬಣ್ಣ. ಕಟ್ಟುನಿಟ್ಟಿನವರು ಕಾಜವನ್ನೂ ಕೈಯಲ್ಲೇ ಹೊಲಿದಿರಬೇಕು ಅನ್ನುತ್ತಾರೆ. ನಮ್ಮ ಅಜ್ಜಿಯರ ಮಡಿಯೂ ಇದರ ಮುಂದೆ ಏನೂ ಅಲ್ಲ! ಕೈಗಡಿಯಾರ, ಜಿಪ್ಪು ಕಂಡರೆ 'ಫಾರ್ಬ್' ಎಂದು ಮೂಗು ಮುರಿಯುತ್ತಾರೆ. ಅವರಿಗೂ 'ಹೊಲಿಗೆ ಎಣಿಸುವವರು' ಅಂತ ಅಡ್ಡಹೆಸರು ಬಿದ್ದಿದೆ. ಹಿತ್ತಾಳೆ ಗುಂಡಿ ಹಳತಾಗಿ ಕಾಣಲೆಂದು ಮೂತ್ರದಲ್ಲಿ ನೆನೆಸಿಟ್ಟವರೂ ಉಂಟು. ಆ ಕೋಟನ್ನು ಒಗೆಯುವವರ ಪಾಡೇನೋ!

ಆದರೆ ಪಾಲಿಯೆಸ್ಟರ್ ಬೇಡವೆನ್ನುವುದು ಬರೀ ಚಂದಕ್ಕಲ್ಲ. ಮದ್ದಿನ ಕಿಡಿ, ಒಲೆಯ ಕಿಡಿ ಸಿಡಿದರೆ ಉಣ್ಣೆ ಸೀದು ಕರಕಾಗುತ್ತದೆ. ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ನಿಮ್ಮ ಬಟ್ಟೆ ಯಾವುದೆಂದು ತಿಳಿಯಬೇಕೇ? ಒಂದು ಎಳೆಯನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ ಅಥವಾ ರೇಷ್ಮೆ, ಕಾಗದ ಸುಟ್ಟಂತಿದ್ದರೆ ಹತ್ತಿ, ಮುದುಡಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಅಡಿಗೆಮನೆಗೆ ಯಾವ ಸೀರೆ ಉಡಬೇಕೆಂದು ಬೇರೆ ಹೇಳಬೇಕಾಗಿಲ್ಲವಲ್ಲ.

ಇನ್ನು ಅಸಲು ಕೋಟುಗಳ ಕಥೆ. ಯುದ್ಧ ಶುರುವಾದ ಹೊಸತರಲ್ಲಿ ಕೆಲವು ಗುತ್ತಿಗೆದಾರರು ಹಳೆ ಉಣ್ಣೆ ಚಿಂದಿಯನ್ನು ಅರೆದು ಮಾಡಿದ 'ಶಾಡಿ' ಬಟ್ಟೆಯಲ್ಲಿ ಕೋಟು ಹೊಲಿಸಿ ಕೊಟ್ಟರು. ಮಳೆಗೆ ಅವು ಬಿಟ್ಟುಕೊಂಡು ಹೋದವು. ಹೊಲಿಗೆ ಯಂತ್ರ ಆಗಲೇ ಬಂದಿತ್ತು. ಆದರೂ ಫಿಲಡೆಲ್ಫಿಯದ ಸರ್ಕಾರಿ ಉಗ್ರಾಣದಿಂದ ಸಾವಿರಾರು ಹೆಂಗಸರು ಕತ್ತರಿಸಿದ ಬಟ್ಟೆಯನ್ನು ಮನೆಗೆ ತಂದು ಕೈಯಲ್ಲೇ ಹೊಲಿಯುತ್ತಿದ್ದರು. ಗಂಡ ದಂಡಿಗೆ ಹೋದವರು, ವಿಧವೆಯರು, ಸೂಜಿಯೊಂದೇ ಜೀವನಕ್ಕೆ ದಾರಿಯಾದವರು ಅವರಲ್ಲಿದ್ದರು. 1865ರ ಫೆಬ್ರವರಿಯಲ್ಲಿ ಸಿನ್ಸಿನಾಟಿಯ ದರ್ಜಿ ಹೆಂಗಸರು ಅಧ್ಯಕ್ಷ ಲಿಂಕನ್ನರಿಗೇ ಅರ್ಜಿ ಬರೆದರು. ಒಂದು ಡಜನ್ ಉಣ್ಣೆ ಅಂಗಿಯ ಹೊಲಿಗೆಗೆ ಗುತ್ತಿಗೆದಾರನಿಗೆ ಸಿಗುತ್ತಿದ್ದುದು ಒಂದು ಮುಕ್ಕಾಲು ಡಾಲರ್, ಇವರ ಕೈಗೆ ಬರುತ್ತಿದ್ದುದು ಒಂದೇ ಡಾಲರ್. ನಡುವಿನ ಮುಕ್ಕಾಲು ಯಾರ ಜೇಬಿಗೆ, ನೀವೇ ಹೇಳಿ. ಹೊಲಿಗೆ ಎಣಿಸುವವರು ಇದನ್ನೂ ಎಣಿಸಲಿ ಅನ್ನಿಸುತ್ತದೆ ನನಗೆ.

ಆ ಕೋಟನ್ನು ತೊಟ್ಟುಕೊಂಡ ಹೆಂಗಸರೂ ಇದ್ದರು! 1989ರಲ್ಲಿ ಆಂಟಿಟಮ್ ರಣಭೂಮಿಯಲ್ಲಿ ಲಾರೆನ್ ಕುಕ್ ಬರ್ಜೆಸ್ ಎಂಬಾಕೆ ಸಿಪಾಯಿ ವೇಷದಲ್ಲಿ ಪಾಲ್ಗೊಂಡಿದ್ದರು. ಹೆಂಗಸರ ಶೌಚಾಲಯದಿಂದ ಹೊರಬರುವಾಗ ಗುಟ್ಟು ರಟ್ಟಾಯಿತು. ಹೆಂಗಸು ಸಿಪಾಯಿಯಾದರೆ ಅಸಲಿನಂತೆ ಇರುವುದಿಲ್ಲ ಎಂದು ಉದ್ಯಾನದ ಅಧಿಕಾರಿಗಳು ಹೊರಗೆ ಕಳಿಸಿದರು. ಆಕೆ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದರು. ಯಾಕೆಂದರೆ ಆ ಯುದ್ಧದಲ್ಲಿ ನೂರಾರು ಹೆಂಗಸರು ಗಂಡುವೇಷದಲ್ಲಿ ನಿಜವಾಗಿ ಹೋರಾಡಿದ್ದರು.

ಅವರಲ್ಲೊಬ್ಬಳು ನ್ಯೂಯಾರ್ಕ್ ಕಡೆಯ ಹಳ್ಳಿ ಹುಡುಗಿ ಸಾರಾ ರೊಸೆಟ್ಟ ವೇಕ್‌ಮನ್. 1862ರಲ್ಲಿ 'ಲಯನ್ಸ್' ಎಂಬ ಗಂಡು ಹೆಸರಿನಲ್ಲಿ ದಂಡಿಗೆ ಸೇರಿ, ತವರಿಗೆ ದುಡ್ಡು ಕಳಿಸುತ್ತ, ಕಾಗದ ಬರೆಯುತ್ತ ಇದ್ದಳು. 1864ರಲ್ಲಿ ನ್ಯೂ ಆರ್ಲಿಯನ್ಸಿನ ಆಸ್ಪತ್ರೆಯಲ್ಲಿ ಭೇದಿಯಿಂದ ತೀರಿಕೊಂಡಳು. ಮನೆಯವರು ಜೋಪಾನವಾಗಿಟ್ಟಿದ್ದ ಆ ಕಾಗದಗಳನ್ನು 1994ರಲ್ಲಿ ಪುಸ್ತಕ ಮಾಡಿದವರು ಅದೇ ಬರ್ಜೆಸ್. ಸಮಾಧಿಯ ಕಲ್ಲಿನ ಮೇಲೆ ಮಾತ್ರ ಇರುವುದು ಆ ಗಂಡು ಹೆಸರೇ.