ಪಾಸಾದ ಮೇಲೆ ಮಕ್ಕಳು ಯಾರ ಪಾಲು?

ಪಾಸಾಗಲು ಬೇಕಾದ ಅಂಕ ಶೇ 35ರಿಂದ 33ಕ್ಕೆ ಇಳಿದದ್ದೇ ತಡ, ನಾಡಿನ ಶಿಕ್ಷಣವೇ ಮುಳುಗಿತೆಂದು ಎದೆ ಬಡಿದುಕೊಂಡವರಿಗೆ ಲೆಕ್ಕವಿಲ್ಲ. 2025ರ ಅಕ್ಟೋಬರಿನಲ್ಲಿ ಶಿಕ್ಷಣ ಸಚಿವ ಮಧು ಬಂಗಾರಪ್ಪ ಹೇಳಿದ್ದಿಷ್ಟು: ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು 625ಕ್ಕೆ 206, ದ್ವಿತೀಯ ಪಿಯುಸಿಯಲ್ಲಿ 600ಕ್ಕೆ 198 ಬಂದರೆ ಪಾಸು, ಪ್ರತಿ ವಿಷಯದಲ್ಲಿ ಕನಿಷ್ಠ 30 ಇರಲೇಬೇಕು. ಅಷ್ಟಕ್ಕೇ ಟಿ.ವಿ. ಚರ್ಚೆಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದೇ ಕೂಗು. ಇಂಥವರು ನಾಳೆ ಸೇತುವೆ ಕಟ್ಟುತ್ತಾರಂತೆ, ಹೊಟ್ಟೆ ಕೊಯ್ಯುತ್ತಾರಂತೆ.

ಕಟ್ಟುವುದಿಲ್ಲ, ಕೊಯ್ಯುವುದೂ ಇಲ್ಲ. ಎಂಜಿನಿಯರಿಂಗ್ ಸೇರಲು ಪಿಯುಸಿಯ ಐಚ್ಛಿಕ ವಿಷಯಗಳಲ್ಲಿ ಒಟ್ಟು ಶೇ 45 ಬೇಕು, ಮೀಸಲಾತಿ ಇದ್ದವರಿಗೆ ಶೇ 40. ಅದರ ಮೇಲೆ ಸಿಇಟಿ. ಎಂಬಿಬಿಎಸ್‌ಗಾದರೆ ಶೇ 50, ಮೀಸಲಾತಿಗೆ ಶೇ 40, ಅದರ ಮೇಲೆ ನೀಟ್. ಶೇ 33ರಲ್ಲಿ ಪಾಸಾದ ಮಗು ಈ ಬಾಗಿಲುಗಳ ಹತ್ತಿರವೂ ಬರುವುದಿಲ್ಲ. ಸಿಬಿಎಸ್‌ಇ ಶಾಲೆಗಳಲ್ಲಿ ಶೇ 33ಕ್ಕೇ ಪಾಸು ಮಾಡುತ್ತಾ ಬಂದಿದ್ದಾರೆ. ಅಲ್ಲಿ ಓದಿದವರನ್ನು ಕಂಡು ಗುಣಮಟ್ಟ ಹಾಳಾಯಿತೆಂದು ಯಾರೂ ಮೂಗು ಮುರಿದದ್ದಿಲ್ಲ. ಸರ್ಕಾರಿ ಶಾಲೆಯ ಕನ್ನಡ ಮಾಧ್ಯಮದ ಮಗುವಿಗೆ ಅದೇ ಅಳತೆ ಕೊಟ್ಟಾಗ ಮಾತ್ರ ಮೆರಿಟ್ಟಿನ ನೆನಪಾಗುತ್ತದೆ. ಈ ಸಿಟ್ಟಿನ ಬೇರು ಎಲ್ಲಿದೆಯೆಂದು ಬಿಡಿಸಿ ಹೇಳಬೇಕೇ?

ಆ ಎರಡು ಅಂಕ ಯಾರಿಗೆ ಬೇಕು? ಐಟಿಐ ಸೇರಬೇಕೆಂದಿರುವ ಹುಡುಗನಿಗೆ. ಹತ್ತನೇ ಕ್ಲಾಸ್ ಪಾಸು ಎಂಬ ಒಂದು ಕಾಗದ ಕೇಳುವ ಸಣ್ಣಪುಟ್ಟ ನೌಕರಿಗೆ ಅರ್ಜಿ ಹಾಕುವವನಿಗೆ. ಎಲ್ಲಕ್ಕಿಂತ ಹೆಚ್ಚಾಗಿ, ಫೇಲಾದಳೆಂಬ ನೆಪ ಸಿಕ್ಕರೆ ಸಾಕು ಗಂಡು ನೋಡಲು ಹೊರಡುವ ಮನೆಗಳ ಹೆಣ್ಣುಮಕ್ಕಳಿಗೆ. ಇವರನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿದರೆ ಯಾವ ಗುಣಮಟ್ಟವೂ ಕುಸಿಯುವುದಿಲ್ಲ.

ಪಾಸಿನ ಅಂಕದ ಈ ಇಳಿಕೆಯನ್ನು 2024ರ ಕೃಪಾಂಕದ ಹಗರಣದ ಜೊತೆ ಕಲಸಿ ಮಾತಾಡುವವರಿದ್ದಾರೆ. ಎರಡೂ ಒಂದಲ್ಲ. ಆ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ನಕಲು ನಿಂತಿತು, ಫಲಿತಾಂಶ ನೆಲಕಚ್ಚಿತು. ಗಾಬರಿಗೊಂಡ ಇಲಾಖೆ ಶೇ 10ರಷ್ಟಿದ್ದ ಕೃಪಾಂಕವನ್ನು ಶೇ 20ಕ್ಕೆ ಏರಿಸಿತು, ಅದಕ್ಕೆ ಬೇಕಾದ ಅರ್ಹತೆಯನ್ನು ಶೇ 35ರಿಂದ 25ಕ್ಕೆ ಇಳಿಸಿತು. ಹಾಗೆ ಮಾಡಿಯೂ ಹಿಂದಿನ ವರ್ಷ 83.89 ಇದ್ದ ಫಲಿತಾಂಶ 73.40ಕ್ಕೆ ನಿಂತಿತು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಆಕ್ಷೇಪಿಸಿದ ಮೇಲೆ ಮರುವರ್ಷ ಅದನ್ನು ಕೈಬಿಟ್ಟರು. ಅದು ಮುಖ ಕಂಡ ಕನ್ನಡಿಗೆ ಬಟ್ಟೆ ಮುಚ್ಚಿದ ಕೆಲಸ, ಅದನ್ನು ಸಮರ್ಥಿಸಲು ನನ್ನಿಂದಾಗದು. ಆದರೆ ಪರೀಕ್ಷೆ ಮುಗಿದ ಮೇಲೆ ಲೆಕ್ಕ ತಿದ್ದುವುದು ಬೇರೆ, ಪರೀಕ್ಷೆಗೆ ಮೊದಲೇ ನಿಯಮ ಹೇಳುವುದು ಬೇರೆ. ಕೃಪಾಂಕವಿಲ್ಲದ 2025ರಲ್ಲಿ ರಾಜ್ಯದ ಫಲಿತಾಂಶ 66.14. ದಕ್ಷಿಣ ಕನ್ನಡದಲ್ಲಿ 91 ದಾಟಿದರೆ ಕಲಬುರಗಿಯಲ್ಲಿ 42. ಎರಡು ಅಂಕಕ್ಕೆ ಬೊಬ್ಬೆ ಹೊಡೆದ ಬಾಯಿಗಳು ಸುಮಾರು ನಲವತ್ತೊಂಬತ್ತು ಅಂಕದ ಈ ಅಂತರದ ಬಗ್ಗೆ ಒಂದು ಸಂಜೆಯಾದರೂ ಚರ್ಚೆ ನಡೆಸಿದ್ದುಂಟೇ?

ಮೂರು ಪರೀಕ್ಷೆಗಳ ಪದ್ಧತಿಯ ಮೇಲೂ ಇದೇ ಬಗೆಯ ಮುನಿಸು. 2023–24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ಮಕ್ಕಳು ಪರೀಕ್ಷೆ-1, 2, 3 ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫೇಲಾದವರಷ್ಟೇ ಅಲ್ಲ, ಅಂಕ ಸಾಲದು ಎನಿಸಿದವರೂ ಕೂರಬಹುದು. ಮಾರ್ಚಿನಲ್ಲಿ ಜ್ವರ ಬಂದು ಮಲಗಿದ ಮಗುವಿನ ಒಂದು ವರ್ಷ ಮಣ್ಣುಪಾಲಾಗುವ ಕಾಲ ಹೋಯಿತು. ಇದರಲ್ಲಿ ನ್ಯಾಯವಾದ ದೂರು ಇರುವುದು ಉಪನ್ಯಾಸಕರದ್ದು, ಶಿಕ್ಷಕರದ್ದು. ಬೇಸಿಗೆ ರಜೆ ವಿಶೇಷ ತರಗತಿಗೆ, ಮೌಲ್ಯಮಾಪನಕ್ಕೆ ಹೋಗುತ್ತದೆ. ಅದಕ್ಕೆ ಪರಿಹಾರ ಹೆಚ್ಚು ಕೈಗಳು, ಗಳಿಕೆ ರಜೆ, ಮೌಲ್ಯಮಾಪನದ ಭತ್ಯೆ. ಮಕ್ಕಳ ಅವಕಾಶ ಕಿತ್ತುಕೊಳ್ಳುವುದು ಪರಿಹಾರ ಹೇಗಾದೀತು?

ಉತ್ತರ ಕರ್ನಾಟಕದ ಒಂದು ಮನೆಯಲ್ಲಿ 2025ರಲ್ಲಿ ಎಸ್ಸೆಸ್ಸೆಲ್ಸಿಯ ಆರಕ್ಕೆ ಆರೂ ವಿಷಯ ಫೇಲಾದ ಮಗನಿಗೆ ತಂದೆತಾಯಿ ಕೇಕ್ ಕತ್ತರಿಸಿ ಧೈರ್ಯ ಹೇಳಿದ್ದು ಸುದ್ದಿಯಾಗಿತ್ತು. ಹೊಗಳಿದವರಿದ್ದರು, ‘ಫೇಲಾದದ್ದಕ್ಕೂ ಹಬ್ಬವೇ’ ಎಂದು ಹಂಗಿಸಿದವರೂ ಇದ್ದರು. ಫಲಿತಾಂಶದ ದಿನ ಹೆತ್ತವರಿಂದ ಬೇಕಾದದ್ದು ಆ ಧೈರ್ಯದ ಮಾತೇ. ಬುದ್ಧಿವಾದಕ್ಕೆ ಜೂನ್ ತಿಂಗಳಿದೆ. ಅಂದು ಮಗು ಕೋಣೆಯ ಬಾಗಿಲು ಹಾಕಿಕೊಂಡು ಕೂರದಂತೆ ನೋಡಿಕೊಳ್ಳಿ, ನೆಂಟರ ಫೋನ್‌ಗಳನ್ನು ನೀವೇ ತೆಗೆದುಕೊಳ್ಳಿ. ಮಗು ಮಾತು ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೇಳುವುದಿಲ್ಲ.

ಅಂಕ ತಪ್ಪಾಗಿ ಬಂದಿದೆ ಎಂದು ಮಗು ಹಟ ಹಿಡಿದರೆ ಅದನ್ನೂ ಕೇಳಬೇಕು. ಇಲ್ಲಿ ನನ್ನ ಜಗಳ ಪರೀಕ್ಷಾ ಮಂಡಳಿಯ ಜೊತೆ. ಪಿಯುಸಿಯಲ್ಲಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ವಿಷಯವೊಂದಕ್ಕೆ 530 ರೂಪಾಯಿ, ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಕಟ್ಟಿಸಿಕೊಂಡಿದ್ದಾರೆ. ಒಂದೇ ವಿಷಯಕ್ಕೆ 2,200 ರೂಪಾಯಿ. ಗಾರೆ ಕೆಲಸದವನ ಮಗಳು ಇಷ್ಟು ದುಡ್ಡನ್ನು ಮೊದಲೇ ಕೈಯಿಂದ ಹಾಕಿ ಸಂಶಯ ತೀರಿಸಿಕೊಳ್ಳಬೇಕೆಂದರೆ ಸಂಶಯಪಡುವ ಹಕ್ಕೂ ಉಳ್ಳವರದ್ದೇ ಆಯಿತು.

ಇನ್ನು ಪಾಸಾದವರ ಪಾಡು. ಅಸಲಿ ಅನ್ಯಾಯ ಇರುವುದು ಇಲ್ಲಿ, ನಮ್ಮ ಗಮನ ಇಲ್ಲದಿರುವುದೂ ಇಲ್ಲೇ.

2025ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ. ಸಿಇಟಿ ನಡೆದದ್ದು ಅದೇ ತಿಂಗಳು, ರ‍್ಯಾಂಕ್ ಬಂದದ್ದು ಮೇ 24ಕ್ಕೆ. ಸೀಟು ಕೈಗೆ ಬರುವ ಹೊತ್ತಿಗೆ ಆಗಸ್ಟ್. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಎರಡಕ್ಕೂ ಒಟ್ಟಿಗೆ ಹಂಚಿಕೆ ನಡೆಸುವುದರಿಂದ ನೀಟ್ ಫಲಿತಾಂಶಕ್ಕೆ, ದೆಹಲಿಯ ಕೌನ್ಸೆಲಿಂಗ್ ವೇಳಾಪಟ್ಟಿಗೆ ಕಾಯಬೇಕು ಎಂಬುದು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಕೊಡುವ ಕಾರಣ. ಕಾರಣ ಸುಳ್ಳಲ್ಲ, ಆದರೆ ಖಾಸಗಿ ವಿಶ್ವವಿದ್ಯಾಲಯಗಳು ಯಾರಿಗೂ ಕಾಯುವುದಿಲ್ಲ. ಅವುಗಳ ಸ್ವಂತ ಪರೀಕ್ಷೆ ಮುಗಿದು, ಏಪ್ರಿಲ್–ಮೇ ತಿಂಗಳಲ್ಲೇ ‘ಇವತ್ತೇ ಕಟ್ಟಿದರೆ ಸೀಟು ಗ್ಯಾರಂಟಿ’ ಎಂಬ ಫೋನ್ ಬರತೊಡಗುತ್ತದೆ. ಹೆದರಿದ ಅಪ್ಪ ಅಮ್ಮ ಸಾಲ ಮಾಡಿ ಕಟ್ಟುತ್ತಾರೆ. ಆಗಸ್ಟಿನಲ್ಲಿ ಸಿಇಟಿಯಲ್ಲೇ ಒಳ್ಳೆಯ ಸೀಟು ಬಂದರೆ? ಕಟ್ಟಿದ ದುಡ್ಡು ಅಲ್ಲಿ, ಮೂಲ ಅಂಕಪಟ್ಟಿ ಅಲ್ಲಿ, ಮಗು ಇಲ್ಲಿ.

ಇದಕ್ಕೆ ನಿಯಮವಿಲ್ಲದೆ ಇಲ್ಲ. ಮೂಲ ದಾಖಲೆಗಳನ್ನು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರ ಅಕ್ಟೋಬರಿನಲ್ಲೇ ಅಧಿಸೂಚನೆ ಹೊರಡಿಸಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಬಹುತೇಕ ಪೂರ್ತಿ ಶುಲ್ಕ ಹಿಂದಿರುಗಿಸಬೇಕು, ಆಮೇಲೆ 90, 80, 50 ಎಂದು ಇಳಿಯುತ್ತಾ ಹೋಗುತ್ತದೆ. ಈ ಅಧಿಸೂಚನೆಯನ್ನು ಯಾವ ಕಾಲೇಜಿನ ಪ್ರವೇಶ ಕೌಂಟರಿನ ಗೋಡೆಯ ಮೇಲೂ ನಾನು ಕಂಡಿಲ್ಲ. ಕಂಡದ್ದು ಟಾಪರ್‌ಗಳ ಫೋಟೊ ತುಂಬಿದ ಫ್ಲೆಕ್ಸುಗಳನ್ನು.

ಇನ್ನು ಸಿಇಟಿಯ ಬಾಗಿಲಲ್ಲೇ ನಿಂತವರನ್ನು ನೋಡಿ. ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರುಗಳಲ್ಲಿ ಜುಲೈ ತಿಂಗಳಲ್ಲಿ ಒಮ್ಮೆ ನಿಂತರೆ ತಿಳಿಯುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ದಾಖಲೆ ಹಿಡಿದ ಅಪ್ಪ, ಪಕ್ಕದಲ್ಲಿ ಮಗಳು, ಕಂಪ್ಯೂಟರಿನ ಮುಂದೆ ಇನ್ನೂ ಡಿಗ್ರಿ ಓದುತ್ತಿರುವ ಹುಡುಗ. ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ತಪ್ಪಾದರೆ ಮೀಸಲಾತಿಯೇ ಕೈತಪ್ಪಬಹುದು. ಹತ್ತು ವರ್ಷ ಹಳ್ಳಿಯಲ್ಲಿ ಓದಿದ್ದಕ್ಕೆ ಶೇ 15ರ ಗ್ರಾಮೀಣ ಕೋಟಾ, ಹತ್ತು ವರ್ಷ ಕನ್ನಡದಲ್ಲಿ ಓದಿದ್ದಕ್ಕೆ ಶೇ 5ರ ಕೋಟಾ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ. ಒಂದೊಂದಕ್ಕೂ ಒಂದೊಂದು ಕಾಗದ. ವರ್ಷಕ್ಕೆ ಎಂಟು ಲಕ್ಷದೊಳಗಿನ ಆದಾಯದ ಮನೆಗಳಿಗೆ ಬೋಧನಾ ಶುಲ್ಕವಿಲ್ಲದ ಎಸ್‌ಎನ್‌ಕ್ಯೂ ಸೀಟುಗಳಿವೆ. ಅದು ಯಾರಿಗೆ ಬೇಕೋ ಅವರೇ ಆ ಹೆಸರು ಕೇಳಿರುವುದಿಲ್ಲ.

ಇಷ್ಟಾದ ಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು–ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಕೆಲಸ. ಸೈಬರ್ ಸೆಂಟರಿನ ಹುಡುಗ ತನಗೆ ಗೊತ್ತಿರುವ ಹತ್ತು ಕಾಲೇಜು ತುಂಬಿ ಮುಂದಿನವರನ್ನು ಕರೆಯುತ್ತಾನೆ. ಅವನನ್ನು ದೂರಿ ಫಲವಿಲ್ಲ, ಸರ್ಕಾರ ಮಾಡಬೇಕಾದ ಕೆಲಸವನ್ನು ಅವನು ಐವತ್ತು–ನೂರು ರೂಪಾಯಿಗೆ ಮಾಡುತ್ತಿದ್ದಾನೆ. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತದೆ, ಸಿಗುವ ಮೊದಲ ಸೀಟು ಕೊಡುತ್ತದೆ. ಆದ್ದರಿಂದ ಸಿಗಲಾರದು ಎನಿಸುವ ಕಾಲೇಜನ್ನು ಮೊದಲು ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಹಾಕಿದರೆ ಮಾತ್ರ ಕಷ್ಟ. ಇಷ್ಟು ಸರಳ ಸಂಗತಿಯನ್ನು ಮಗುವಿನೆದುರು ಕೂತು ಹೇಳುವವರಿಲ್ಲದೆ ಎಷ್ಟೋ ಒಳ್ಳೆಯ ರ‍್ಯಾಂಕುಗಳು ಹಾಳಾಗುತ್ತವೆ. ಸೀಟು ಬಂದ ಮೇಲೆ ಚಾಯ್ಸ್‌ಗಳು. ಒಂದನ್ನು ಒತ್ತಿದರೆ ಒಪ್ಪಿ ಸೇರಿದಂತೆ, ಎರಡಾದರೆ ಸೀಟು ಕೈಯಲ್ಲಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋದಂತೆ, ಮೂರಾದರೆ ಬಿಟ್ಟು ಕಾದಂತೆ, ನಾಲ್ಕಾದರೆ ಹೊರನಡೆದಂತೆ. ಕೊಟ್ಟ ಗಡುವಿನೊಳಗೆ ಒತ್ತಬೇಕು, ಶುಲ್ಕ ತುಂಬಬೇಕು. ಬೆಂಗಳೂರಿನ ಮನೆಯಲ್ಲಿ ಇದಕ್ಕೊಬ್ಬ ಕೌನ್ಸೆಲರ್ ಇರುತ್ತಾನೆ. ಸುರಪುರದ, ಪಾವಗಡದ ಮನೆಯಲ್ಲಿ ಯಾರಿದ್ದಾರೆ? ಕೆಇಎ ಯೂಟ್ಯೂಬ್‌ಗೆ ವಿಡಿಯೊ ಹಾಕುತ್ತದೆ, ಕೈಪಿಡಿ ಪ್ರಕಟಿಸುತ್ತದೆ, ನಿಜ. ಹದಿನೇಳರ ಮಗುವಿನ ಪ್ರಶ್ನೆಗೆ ವಿಡಿಯೊ ಉತ್ತರ ಕೊಡುವುದಿಲ್ಲ.

ಮತ್ತೆ, ಮಕ್ಕಳ ಸಣ್ಣ ತಪ್ಪಿಗೆ ಕ್ಷಮೆಯಿಲ್ಲದ ಈ ವ್ಯವಸ್ಥೆ ತನ್ನ ದೊಡ್ಡ ತಪ್ಪುಗಳನ್ನು ಹೇಗೆ ದಾಟಿಕೊಂಡು ಬಂದಿದೆ ನೋಡಿ. 2022ರಲ್ಲಿ ಹಿಂದಿನ ವರ್ಷ ಪಿಯುಸಿ ಮುಗಿಸಿದ ರಿಪೀಟರ್‌ಗಳ ಬೋರ್ಡ್ ಅಂಕವನ್ನೇ ಲೆಕ್ಕಕ್ಕೆ ಹಿಡಿಯದೆ ರ‍್ಯಾಂಕ್ ಕೊಟ್ಟರು, ವಿದ್ಯಾರ್ಥಿಗಳು ಹೈಕೋರ್ಟ್ ಮೆಟ್ಟಿಲೇರಿ ಅದನ್ನು ಸರಿಪಡಿಸಿಕೊಳ್ಳಬೇಕಾಯಿತು. 2024ರ ಸಿಇಟಿಯಲ್ಲಿ 240 ಪ್ರಶ್ನೆಗಳ ಪೈಕಿ 50 ಪ್ರಶ್ನೆ ಪಠ್ಯದಿಂದ ಹೊರಗಿನವು. ಅವನ್ನು ಮೌಲ್ಯಮಾಪನದಿಂದ ಕೈಬಿಟ್ಟು ಮುಗಿಸಿದರು. ಗೊತ್ತಿಲ್ಲದ ಪ್ರಶ್ನೆಗೆ ತಲೆ ಕೆಡಿಸಿಕೊಂಡು ಹೊತ್ತು ಕಳೆದ ಮಗುವಿಗೆ ಆ ಹೊತ್ತನ್ನು ಯಾರು ಹಿಂದಕ್ಕೆ ಕೊಟ್ಟರು?

ಸೀಟ್ ಬ್ಲಾಕಿಂಗ್ ಇದಕ್ಕಿಂತ ಹೊಲಸು. ಒಳ್ಳೆಯ ರ‍್ಯಾಂಕ್ ಬಂದು, ಬೇರೆಲ್ಲೋ ಸೇರುವ ವಿದ್ಯಾರ್ಥಿಯ ಹೆಸರಿನಲ್ಲಿ ಬೇಡಿಕೆಯ ಕಾಲೇಜಿನ ಸೀಟು ಹಿಡಿಸುವುದು, ಕೊನೆಯ ಸುತ್ತಿನಲ್ಲಿ ಸೇರದೆ ಬಿಡಿಸುವುದು. ಖಾಲಿ ಬಿದ್ದ ಸರ್ಕಾರಿ ಕೋಟಾದ ಸೀಟು ಆಡಳಿತ ಮಂಡಳಿಯ ಪಾಲಾಗುತ್ತದೆ, ಬೆಲೆ ಅವರದ್ದೇ. ಒಂದೇ ಐಪಿ ವಿಳಾಸದಿಂದ ಹಲವರ ಆಪ್ಷನ್ ದಾಖಲಾದದ್ದು ಕಂಡು 2024ರ ನವೆಂಬರಿನಲ್ಲಿ ಕೆಇಎಯೇ ಪೊಲೀಸರಿಗೆ ದೂರು ಕೊಟ್ಟಿತು, ಕೆಲವರ ಬಂಧನವೂ ಆಯಿತು. ಹೀಗೆ ಮಾರಾಟವಾದ ಒಂದೊಂದು ಸೀಟಿನ ಹಿಂದೆ ಕೆಲವೇ ರ‍್ಯಾಂಕಿನಿಂದ ಅದನ್ನು ಕಳೆದುಕೊಂಡ ಒಂದೊಂದು ಮಗುವಿದೆ. ಅದು ತನ್ನ ಓದು ಸಾಲದಾಯಿತೆಂದೇ ನಂಬಿಕೊಂಡಿರುತ್ತದೆ. ಗುಣಮಟ್ಟದ ಹೆಸರಿನಲ್ಲಿ 33 ಅಂಕದವರ ಮೇಲೆ ಹರಿಹಾಯ್ದವರು ದುಡ್ಡಿಗೆ ಕೊಂಡ ಈ ಮೆರಿಟ್ಟಿನ ಮುಂದೆ ತುಟಿ ಬಿಚ್ಚುವುದಿಲ್ಲ.

ಹೆತ್ತವರಿಗೂ ಒಂದು ಮಾತು ಹೇಳಲೇಬೇಕು. ಆಪ್ಷನ್ ಪಟ್ಟಿಯ ತುಂಬ ಕಂಪ್ಯೂಟರ್ ಸೈನ್ಸ್ ತುಂಬಿಸುವವರು ಬಹುಪಾಲು ನೀವೇ. ಪಟ್ಟಿ ಮಗುವೇ ಬರೆಯಲಿ, ಮೊದಲು ಕಾಗದದ ಮೇಲೆ ಬರೆಯಲಿ, ನೀವು ಪಕ್ಕದಲ್ಲಿ ಕೂತು ಹಾಸ್ಟೆಲ್ ಖರ್ಚು, ಬಸ್ಸಿನ ದೂರ, ನಿಮ್ಮ ಕೈಯಲ್ಲಾಗುವ ಶುಲ್ಕ ಎಷ್ಟೆಂದು ಮುಚ್ಚಿಡದೆ ಹೇಳಿ. ಬಿಎಸ್ಸಿ ಓದುತ್ತೇನೆ, ಕೃಷಿ ಓದುತ್ತೇನೆ ಎಂದರೆ ಅದು ಸೋತವರ ಮಾತಲ್ಲ. ಲಾಗಿನ್ ಪಾಸ್‌ವರ್ಡ್, ಒಟಿಪಿಗಳನ್ನು ಯಾವ ಏಜೆಂಟನ ಕೈಗೂ ಕೊಡಬೇಡಿ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ದೊಡ್ಡದೇನಲ್ಲ. ಪ್ರತಿ ತಾಲ್ಲೂಕಿನ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ಫಲಿತಾಂಶದ ದಿನದಿಂದ ಕೊನೆಯ ಸುತ್ತು ಮುಗಿಯುವವರೆಗೆ ಸಹಾಯ ಕೇಂದ್ರ ತೆರೆಯಲಿ, ಅಲ್ಲಿ ಕೂರುವ ಉಪನ್ಯಾಸಕರಿಗೆ ರಜೆಗೆ ಬದಲಿ ಸಂಬಳ ಕೊಡಲಿ. ಖಾಲಿ ಬಿದ್ದು ಆಡಳಿತ ಮಂಡಳಿಗೆ ಹೋದ ಸೀಟುಗಳ ಲೆಕ್ಕವನ್ನು ಕಾಲೇಜುವಾರು ಪ್ರತಿ ವರ್ಷ ಪ್ರಕಟಿಸಲಿ. ಶುಲ್ಕ ವಾಪಸಾತಿಯ ನಿಯಮವನ್ನು ಪ್ರತಿ ಕಾಲೇಜಿನ ಪ್ರವೇಶ ಕೌಂಟರಿನಲ್ಲಿ ಕನ್ನಡದಲ್ಲಿ ತೂಗುಹಾಕಿಸಲಿ, ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಂಡ ಕಾಲೇಜಿನ ಮೇಲೆ ದಂಡ ಹಾಕಲಿ. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚು ಹಣವೂ ಬೇಕಿಲ್ಲ. ನಿಮ್ಮ ಶಾಸಕರು ಮುಂದಿನ ಸಲ ಊರಿಗೆ ಬಂದಾಗ ಪಾಸಿನ ಅಂಕದ ಮಾತು ಬಿಟ್ಟು ಈ ಮೂರನ್ನು ಕೇಳಿ.